ಯಂತ್ರದ ಮುಂದೆ ಮೊಬೈಲು



ಸಣ್ಣ ವರ್ಕ್‌ಶಾಪುಗಳಲ್ಲಿ ಕೆಲಸದ ಹೊತ್ತಿನಲ್ಲಿ ಮೊಬೈಲ್ ಬಳಕೆಯನ್ನು ಹೇಗೆ ಹತೋಟಿಯಲ್ಲಿಡಬೇಕು ಎಂಬುದು ಇವತ್ತಿನ ಮಾತಿನ ವಿಷಯ. ನಾನು ಹೇಳಹೊರಟಿರುವುದು ಐದರಿಂದ ಹದಿನೈದು ಜನ ದುಡಿಯುವ ಶೆಡ್ಡುಗಳ ಬಗ್ಗೆ. ಬೆಂಗಳೂರಿನ ಪೀಣ್ಯ, ರಾಜಾಜಿನಗರ, ಕಾಮಾಕ್ಷಿಪಾಳ್ಯ, ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ, ಶಿವಮೊಗ್ಗದ ಮಾಚೇನಹಳ್ಳಿ ಕಡೆ ಓಡಾಡಿದವರಿಗೆಲ್ಲ ಇವುಗಳ ಪರಿಚಯವಿದೆ. ಎರಡು ಲೇತು, ಒಂದು ಮಿಲ್ಲಿಂಗು, ಒಂದು ಡ್ರಿಲ್ಲಿಂಗು, ಮೂಲೆಯಲ್ಲೊಂದು ಗ್ರೈಂಡರು, ಕೈಗೂಡಿದರೆ ಬ್ಯಾಂಕ್ ಸಾಲದಲ್ಲಿ ತಂದ ಒಂದು ಸಿಎನ್‌ಸಿ. ದೊಡ್ಡ ಕಂಪನಿಗಳಿಗೆ ಬೇಕಾದ ಪಿನ್ನು, ಬುಷ್ಷು, ಫ್ಲೇಂಜು, ಬ್ರಾಕೆಟ್ಟುಗಳು ಇಲ್ಲಿ ಜಾಬ್ ವರ್ಕಿನ ಮೇಲೆ ತಯಾರಾಗುತ್ತವೆ.

ಇಲ್ಲಿ ಸಿಬ್ಬಂದಿ ನೋಡಿಕೊಳ್ಳಲು ಬೇರೆ ಅಧಿಕಾರಿ ಇರುವುದಿಲ್ಲ. ಮಾಲೀಕರೇ ಆರ್ಡರ್ ತರುವವರು, ಬಿಲ್ ಬರೆಯುವವರು, ಸಂಬಳ ಕೊಡುವವರು. ಆಪರೇಟರ್ ರಜೆ ಹಾಕಿದ ದಿನ ಯಂತ್ರದ ಮುಂದೆ ನಿಲ್ಲುವವರೂ ಅವರೇ. ನೂರಾರು ಜನರ ಕಾರ್ಖಾನೆಗಳಲ್ಲಿ ಲಿಖಿತ ಸ್ಥಾಯಿ ಆದೇಶಗಳಿರುತ್ತವೆ. ಶೆಡ್ಡಿನಲ್ಲಿ ಮಾಲೀಕರ ಬಾಯಿಮಾತೇ ನಿಯಮ. ಮೊಬೈಲಿನ ವಿಚಾರದಲ್ಲಂತೂ ಆ ಬಾಯಿಮಾತು ದಿನಕ್ಕೊಂದು ಥರ. ಕೆಲಸ ಕಡಿಮೆ ಇದ್ದ ದಿನ ಯಾರು ಫೋನ್ ನೋಡಿದರೂ ಕೇಳುವವರಿಲ್ಲ. ಮಾಲು ರಿಜೆಕ್ಟ್ ಆಗಿ ವಾಪಸ್ ಬಂದ ದಿನ, ಮನೆಯಿಂದ ಬಂದ ಕರೆ ತೆಗೆದುಕೊಂಡವನಿಗೂ ಬೈಗುಳ. ಹೀಗೆ ನಡೆದುಕೊಂಡು ಬಂದ ಕಡೆ ಕೆಲಸ ಸುಧಾರಿಸಿಲ್ಲ, ಮನಸ್ತಾಪ ಮಾತ್ರ ಬೆಳೆದಿದೆ.

ನಾನೂ ಇಂಥದೊಂದು ಶೆಡ್ಡು ನಡೆಸುವವನು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಫೋನನ್ನು ಯಂತ್ರದಿಂದ ದೂರ ಇಡಬೇಕು, ಆದರೆ ಮನುಷ್ಯನನ್ನು ಅವನ ಮನೆಯಿಂದ ದೂರ ಇಡಬಾರದು. ಮೊದಲನೆಯದನ್ನು ಕೆಲಸಗಾರನಿಂದ ಕೇಳುವ ಮಾಲೀಕ ಎರಡನೆಯದರ ಹೊಣೆಯನ್ನು ತಾನು ಹೊರಬೇಕು.

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಆ ಕಾಲದಲ್ಲಿ ಒಳಬರುವ ಕರೆಗೂ ನಿಮಿಷದ ಲೆಕ್ಕದಲ್ಲಿ ದುಡ್ಡು ಕೊಡಬೇಕಿತ್ತು. ವರ್ಕ್‌ಶಾಪಿನ ಮಟ್ಟಿಗೆ ಫೋನೆಂದರೆ ಮಾಲೀಕರ ಕೋಣೆಯ ಮೇಜಿನ ಮೇಲಿನ ಲ್ಯಾಂಡ್‌ಲೈನು. ಕೆಲಸಗಾರನಿಗೆ ಅದರಲ್ಲಿ ಕರೆ ಬಂತೆಂದರೆ ಊರಿನಲ್ಲಿ ಏನೋ ಆಗಿದೆ ಎಂದೇ ಎಲ್ಲರೂ ತಿಳಿಯುತ್ತಿದ್ದರು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಫೋನು ಹೆಲ್ಪರನ ಜೇಬಿಗೂ ಬಂತು, ಆದರೆ ಮಾತಿಗಷ್ಟೇ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಇಂಟರ್‌ನೆಟ್ ಅಗ್ಗವಾದ ಮೇಲೆ ಫೋನು ದಿನವಿಡೀ ನೋಡುವ ವಸ್ತುವಾಯಿತು. ಅದೇ ವರ್ಷ ಯುಪಿಐ ಶುರುವಾಗಿ, ಸಂಬಳದ ಹಣವೂ ಅದರೊಳಗೆ ಸೇರಿತು. ಇವತ್ತು ಒಬ್ಬ ಟರ್ನರನ ಬ್ಯಾಂಕು, ಆಧಾರ್, ಬಸ್ ಟಿಕೆಟ್ಟು, ಮಗಳ ಶಾಲೆಯ ಸಂದೇಶ, ರಾಯಚೂರಿನಲ್ಲೋ ಒಡಿಶಾದಲ್ಲೋ ಇರುವ ತಾಯಿಯ ಮುಖ ಎಲ್ಲವೂ ಆ ಒಂದು ವಸ್ತುವಿನಲ್ಲಿವೆ. "ಬೀಡಿ ಬಿಡು" ಎಂದು ಹೇಳಿದಷ್ಟು ಸುಲಭವಾಗಿ "ಫೋನ್ ಬಿಡು" ಎಂದು ಹೇಳಲಾಗದಿರುವುದಕ್ಕೆ ಇದೇ ಕಾರಣ.

ಹಾಗಾದರೆ ಬಿಟ್ಟುಬಿಡೋಣವೇ? ಆಗದು. ಲೇತಿನ ಲೆಕ್ಕ ನೋಡಿ. ಸಾಧಾರಣ ಕೆಲಸಕ್ಕೆ ಚಕ್ಕು ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಎಂದುಕೊಳ್ಳೋಣ. ಎಂದರೆ ಸೆಕೆಂಡಿಗೆ 10 ಸುತ್ತು. ಒಂದು ಸುತ್ತಿಗೆ ಟೂಲು 0.2 ಮಿಲಿಮೀಟರ್ ಮುಂದೆ ಸರಿಯುತ್ತದೆ. ಬಂದ ಸಂದೇಶ ಯಾರದೆಂದು ನೋಡಲು ಎರಡು ಸೆಕೆಂಡ್ ಸಾಕು. ಆ ಎರಡು ಸೆಕೆಂಡಿನಲ್ಲಿ ಟೂಲು 4 ಮಿಲಿಮೀಟರ್ ಹೋಗಿರುತ್ತದೆ. ಸಂದೇಶ ಓದಲು ಐದು ಸೆಕೆಂಡ್ ಹಿಡಿದರೆ ಪೂರಾ ಒಂದು ಸೆಂಟಿಮೀಟರ್. ಸ್ಟೆಪ್ಪಿನ ಹತ್ತಿರ ಕೆಲಸ ನಡೆಯುತ್ತಿದ್ದರೆ ಅಷ್ಟರಲ್ಲಿ ಟೂಲು ಹೋಗಿ ಜಾಬಿನ ಭುಜಕ್ಕೋ ಚಕ್ಕಿಗೋ ಬಡಿದಿರುತ್ತದೆ. ಜಾಬು ಹೋಯಿತು, ಟೂಲು ಹೋಯಿತು. ಅಷ್ಟಕ್ಕೇ ನಿಂತರೆ ಪುಣ್ಯ.

ಪವರ್ ಪ್ರೆಸ್ಸಿನ ಸಂಗತಿ ಇನ್ನೂ ಕಠಿಣ. ನಮ್ಮ ಶೆಡ್ಡುಗಳಲ್ಲಿರುವ ಹಳೆಯ ಮಾದರಿಯ ಪ್ರೆಸ್ಸುಗಳಲ್ಲಿ ಒಮ್ಮೆ ಪೆಡಲ್ ಒತ್ತಿ ಕ್ಲಚ್ಚು ಹಿಡಿಯಿತೆಂದರೆ ರ‍್ಯಾಮು ಕೆಳಗಿಳಿದು ಮತ್ತೆ ಮೇಲೆ ಬರುವವರೆಗೂ ನಡುವೆ ನಿಲ್ಲಿಸಲು ಬರುವುದಿಲ್ಲ. ಅಲ್ಲಿ ಕೈ ಮತ್ತು ಕಾಲಿಗೆ ಒಂದು ತಾಳವಿರುತ್ತದೆ: ಪೀಸು ಇಡು, ಕೈ ತೆಗೆ, ಪೆಡಲ್ ಒತ್ತು. ಜೇಬಿನಲ್ಲಿ ಫೋನು ನಡುಗಿದಾಗ ಆ ತಾಳ ತಪ್ಪುತ್ತದೆ. ಫೋನನ್ನು ತೆಗೆದು ನೋಡಬೇಕೆಂದೇನೂ ಇಲ್ಲ. 2015ರಲ್ಲಿ ಅಮೆರಿಕದ ಫ್ಲೋರಿಡಾದ ಸಂಶೋಧಕರು ಗಮನ ಬೇಡುವ ಕೆಲಸದಲ್ಲಿ ತೊಡಗಿದ್ದವರ ಮೇಲೆ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಕರೆ ತೆಗೆಯದೆ, ಸಂದೇಶ ನೋಡದೆ ಇದ್ದವರಿಗೂ ಫೋನು ಸದ್ದು ಮಾಡಿದ್ದಷ್ಟರಿಂದಲೇ ಕೆಲಸದಲ್ಲಿ ತಪ್ಪು ಹೆಚ್ಚಿತು. "ನಾನು ನೋಡಲೇ ಇಲ್ಲ ಸಾರ್, ಜೇಬಿನಲ್ಲೇ ಇತ್ತು" ಎನ್ನುವ ಹುಡುಗನಿಗೂ ಮನಸ್ಸು ಅರೆಕ್ಷಣ ಜೇಬಿಗೆ ಹೋಗಿ ಬಂದಿರುತ್ತದೆ.

ಕಿವಿಯ ಮಾತನ್ನೂ ಹೇಳಬೇಕು. ಪಳಗಿದ ಟರ್ನರು ಯಂತ್ರವನ್ನು ಅರ್ಧ ಕಣ್ಣಿನಿಂದ, ಅರ್ಧ ಕಿವಿಯಿಂದ ನಡೆಸುತ್ತಾನೆ. ಟೂಲು ಮೊಂಡಾದದ್ದು, ಬೇರಿಂಗು ಸವೆದದ್ದು, ಜಾಬು ಅದುರುತ್ತಿರುವುದು ಮೊದಲು ಗೊತ್ತಾಗುವುದು ಸದ್ದಿನಿಂದಲೇ. ಪಕ್ಕದವನು "ಏಯ್, ಹುಷಾರು" ಎಂದು ಕೂಗಿದ್ದು ಕೇಳಬೇಕಾದರೂ ಕಿವಿ ಖಾಲಿ ಇರಬೇಕು. ಇಯರ್‌ಫೋನ್ ಹಾಕಿಕೊಂಡವನಿಗೆ ಇದೊಂದೂ ಇಲ್ಲ. ವೈರಿನ ಇಯರ್‌ಫೋನಾದರೆ ತಿರುಗುವ ಚಕ್ಕಿಗೆ, ಡ್ರಿಲ್ಲಿಗೆ ಸಿಕ್ಕಿಕೊಳ್ಳುವ ಅಪಾಯ ಬೇರೆ. ಚಾಲನೆಯಲ್ಲಿರುವ ಯಂತ್ರದ ಹತ್ತಿರ ಕೆಲಸ ಮಾಡುವವನ ಬಟ್ಟೆ ಮೈಗೆ ಬಿಗಿಯಾಗಿರಬೇಕು ಎಂದು 1948ರ ಕಾರ್ಖಾನೆಗಳ ಕಾಯ್ದೆ ಹೇಳಿತ್ತು. ಕುತ್ತಿಗೆಯಿಂದ ಜೋತಾಡುವ ವೈರಿಗೂ ಅದೇ ವಿವೇಕ ಅನ್ವಯಿಸಬೇಕು.

ಸಿಎನ್‌ಸಿಯಲ್ಲಿ ತೊಂದರೆಯ ರೂಪ ಬೇರೆ. ಅಲ್ಲಿ ಬಾಗಿಲು ಮುಚ್ಚಿದ ಮೇಲೆ ಯಂತ್ರ ತನ್ನ ಪಾಡಿಗೆ ತಾನು ಕತ್ತರಿಸುತ್ತದೆ, ಒಂದೊಂದು ಪೀಸಿಗೆ ನಾಲ್ಕೈದು ನಿಮಿಷ. ಆಪರೇಟರ್ ಸುಮ್ಮನೆ ನಿಂತಿರಬೇಕು. ಆ ನಾಲ್ಕು ನಿಮಿಷ ಫೋನಿಗೆ ಹೋಗುವುದು ಸಹಜ. ಬೆರಳಿಗೆ ಅಪಾಯ ಕಡಿಮೆ, ಅಳತೆಗೆ ಅಪಾಯ ಹೆಚ್ಚು. ಡ್ರಾಯಿಂಗಿನಲ್ಲಿ ಕೊಟ್ಟ ಟಾಲರೆನ್ಸ್ 20 ಮೈಕ್ರಾನ್, ಅಂದರೆ ತಲೆಗೂದಲ ದಪ್ಪಕ್ಕಿಂತ ಕಡಿಮೆ. ಇನ್‌ಸರ್ಟು ಸವೆಯುತ್ತ ಹೋದಂತೆ ಅಳತೆ ಮೆಲ್ಲಗೆ ಜಾರುತ್ತದೆ. ಐದು ಪೀಸಿಗೊಮ್ಮೆ ಮೈಕ್ರೋಮೀಟರ್ ಹಿಡಿದು ನೋಡಿ ಆಫ್‌ಸೆಟ್ ಕೊಡಬೇಕಾದವನು ವಿಡಿಯೊ ನೋಡುತ್ತ ಕೂತರೆ, ಗೊತ್ತಾಗುವ ಹೊತ್ತಿಗೆ ಒಂದು ಟ್ರೇ ಮಾಲು ಸ್ಕ್ರಾಪಿಗೆ ಹೋಗಿರುತ್ತದೆ. ಜಾಬ್ ವರ್ಕಿನಲ್ಲಿ ಕಚ್ಚಾ ಮಾಲು ಗಿರಾಕಿಯದು. ಅದರ ಬೆಲೆಯನ್ನು ನಮ್ಮ ಬಿಲ್ಲಿನಿಂದಲೇ ಮುರಿದುಕೊಳ್ಳುತ್ತಾರೆ.

ಇಷ್ಟು ಹೇಳಿದ ಮೇಲೆ ಮಾಲೀಕರಿಗೆ ಒಂದು ಮಾತನ್ನು ನೇರವಾಗಿ ಹೇಳಬೇಕು. ಗಾರ್ಡು ಬಿಚ್ಚಿಟ್ಟ ಪ್ರೆಸ್ಸು, ಮುಚ್ಚಳವಿಲ್ಲದ ಬೆಲ್ಟು, ಕೆಲಸ ಮಾಡದ ಎಮರ್ಜೆನ್ಸಿ ಸ್ವಿಚ್ಚು, ಮಂಕು ಬೆಳಕು, ಹನ್ನೆರಡು ತಾಸಿನ ದುಡಿಮೆ, ಇವನ್ನೆಲ್ಲ ಹಾಗೇ ಇಟ್ಟುಕೊಂಡು ಅಪಘಾತಕ್ಕೆ ಮೊಬೈಲನ್ನು ದೂರುವ ಹಾಗಿಲ್ಲ. ಗಮನ ತಪ್ಪಿದವನ ಬೆರಳೂ ಉಳಿಯಬೇಕೆಂದೇ ಗಾರ್ಡು ಇರುವುದು. ಮೊದಲು ಅದು, ಆಮೇಲೆ ಫೋನಿನ ನಿಯಮ.

ಈಗ, ನಮ್ಮಲ್ಲಿ ಸಾಮಾನ್ಯವಾಗಿ ಮಾಡುವ, ಆದರೆ ಫಲ ಕೊಡದ ಉಪಾಯಗಳು.

ಒಂದು, ದಂಡ. "ಫೋನ್ ಹಿಡಿದರೆ ಐನೂರು ಕಟ್" ಎಂದು ಗೋಡೆಗೆ ಚೀಟಿ ಅಂಟಿಸುತ್ತಾರೆ. ಸಂಬಳದಿಂದ ದಂಡ ಹಿಡಿಯಲು ಕಾನೂನಿನಲ್ಲಿ ಕಟ್ಟುಪಾಡುಗಳಿವೆ. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಆ ಕಟ್ಟುಪಾಡುಗಳೇ 2019ರ ವೇತನ ಸಂಹಿತೆಯಲ್ಲೂ ಮುಂದುವರಿದಿವೆ. ಯಾವ ತಪ್ಪಿಗೆ ದಂಡ ಎಂಬುದಕ್ಕೆ ಸರ್ಕಾರದ ಪೂರ್ವಾನುಮತಿ ಬೇಕು, ಅದನ್ನು ಕೆಲಸದ ಜಾಗದಲ್ಲಿ ಪ್ರಕಟಿಸಿರಬೇಕು. ಕೆಲಸಗಾರನ ಸಮಜಾಯಿಷಿ ಕೇಳಬೇಕು. ಆ ಅವಧಿಯ ವೇತನದ ಶೇಕಡ 3ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. 15,000 ರೂಪಾಯಿ ಸಂಬಳದವನಿಗೆ ಇಡೀ ತಿಂಗಳಿಗೆ 450 ರೂಪಾಯಿ ಮಿತಿ. ಹಿಡಿದ ಹಣವನ್ನು ಪುಸ್ತಕದಲ್ಲಿ ದಾಖಲಿಸಿ ಕೆಲಸಗಾರರ ಹಿತಕ್ಕೇ ಖರ್ಚು ಮಾಡಬೇಕು. ಈ ಯಾವುದನ್ನೂ ಪಾಲಿಸದೆ ಕತ್ತರಿಸುವ ಐನೂರು ರೂಪಾಯಿ ಅನ್ಯಾಯದ ಹಣ.

ಎರಡು, ಫೋನು ಕಿತ್ತಿಟ್ಟುಕೊಳ್ಳುವುದು. ಸಂಜೆಯವರೆಗೆ, ಕೆಲವೆಡೆ ಮರುದಿನದವರೆಗೆ. ಆ ಫೋನಿನಲ್ಲಿ ಅವನ ಹಣವಿದೆ, ಗುರುತಿನ ಚೀಟಿಯಿದೆ, ಊರಿಗೆ ಹೋಗುವ ದಾರಿಯಿದೆ. ಅದು ಅವನ ಸ್ವತ್ತು. ಕಿತ್ತುಕೊಳ್ಳುವ ಅಧಿಕಾರ ನಮಗಿಲ್ಲ.

ಮೂರು, ಜ್ಯಾಮರ್. ಸಣ್ಣದೊಂದು ಜ್ಯಾಮರ್ ತಂದಿಟ್ಟರೆ ಹೇಗೆ ಎಂದು ಕೇಳಿದವರಿದ್ದಾರೆ. ಸರ್ಕಾರದ ವಿಶೇಷ ಅನುಮತಿ ಇಲ್ಲದೆ ಅದನ್ನು ಬಳಸುವುದು ಕಾನೂನುಬಾಹಿರವೆಂದು ದೂರಸಂಪರ್ಕ ಇಲಾಖೆ 2022ರ ಜನವರಿಯಲ್ಲಿ ಮತ್ತೆ ಸ್ಪಷ್ಟಪಡಿಸಿದೆ. ಪಕ್ಕದ ಶೆಡ್ಡಿನವನು ಆಂಬುಲೆನ್ಸಿಗೆ ಕರೆ ಮಾಡಲಾಗದ ಸ್ಥಿತಿ ತರುವ ಹಕ್ಕು ಯಾರಿಗೂ ಇಲ್ಲ.

ನಾಲ್ಕು, ಕ್ಯಾಮೆರಾದಲ್ಲಿ ನೋಡಿ ನೋಡಿ ಕೂಗಾಡುವುದು. ಒಳ್ಳೆಯ ಟರ್ನರು ಇದನ್ನು ಸಹಿಸುವುದಿಲ್ಲ. ಎದುರಿನ ಶೆಡ್ಡಿನಲ್ಲಿ ಅವನಿಗೆ ಕೆಲಸ ಕಾದಿರುತ್ತದೆ.

ಹಾಗಾದರೆ ಏನು ಮಾಡಬೇಕು? ನಾನು ಕಂಡ ದಾರಿಗೆ ಹೆಚ್ಚು ಖರ್ಚಿಲ್ಲ.

ಯಂತ್ರದ ಹತ್ತಿರ ಫೋನು ಹೊರಗೆ ಬರುವ ಕಾರಣಗಳನ್ನು ಮೊದಲು ಎಣಿಸಬೇಕು. ಟೈಮ್ ನೋಡಲು ಫೋನು, ಲೆಕ್ಕ ಹಾಕಲು ಫೋನು, ಬೋರಿನೊಳಗೆ ಬೆಳಕು ಬಿಡಲು ಫೋನು, ಗಿರಾಕಿ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಡ್ರಾಯಿಂಗ್ ನೋಡಲು ಫೋನು. ಇವೆಲ್ಲ ಕೆಲಸಕ್ಕೇ ಬೇಕಾದವು. ಗಂಟೆ ಎಷ್ಟೆಂದು ನೋಡಲು ತೆಗೆದವನ ಕಣ್ಣಿಗೆ ಹತ್ತು ಸಂದೇಶ ಬಿದ್ದರೆ ತಪ್ಪು ಯಾರದು? ಎಲ್ಲ ಯಂತ್ರಗಳಿಂದಲೂ ಕಾಣುವ ಹಾಗೆ ದೊಡ್ಡ ಗೋಡೆ ಗಡಿಯಾರ ಹಾಕಿ. ಯಂತ್ರಕ್ಕೊಂದು ಕ್ಯಾಲ್ಕುಲೇಟರ್, ಒಂದು ಟಾರ್ಚು ಇಡಿ. ಡ್ರಾಯಿಂಗನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಯಂತ್ರದ ಪಕ್ಕ ತೂಗುಹಾಕಿ. ಟ್ಯಾಪ್ ಡ್ರಿಲ್ಲಿನ, ಆರ್‌ಪಿಎಮ್ಮಿನ ಪಟ್ಟಿಯನ್ನು ಗೋಡೆಗೆ ಅಂಟಿಸಿ. ಇಷ್ಟಾದರೆ ಫೋನು ತೆಗೆಯುವ ಸಂದರ್ಭಗಳಲ್ಲಿ ಎಷ್ಟೋ ತಾವಾಗಿಯೇ ಕಳೆದುಹೋಗುತ್ತವೆ.

ಆಮೇಲೆ ಗೆರೆ. ಪ್ರತಿ ಯಂತ್ರದ ಸುತ್ತ ನೆಲದ ಮೇಲೆ ಹಳದಿ ಬಣ್ಣದ ಗೆರೆ ಎಳೆಯಿರಿ. ಗೆರೆಯ ಒಳಗೆ ಯಾರ ಕೈಯಲ್ಲೂ ಜೇಬಿನಲ್ಲೂ ಫೋನಿಲ್ಲ, ಯಾರ ಕಿವಿಯಲ್ಲೂ ಇಯರ್‌ಫೋನಿಲ್ಲ. ಆಪರೇಟರಿಗೆ, ಹೆಲ್ಪರಿಗೆ, ಮಾಲು ನೋಡಲು ಬಂದ ಗಿರಾಕಿಗೆ, ಮಾಲೀಕರಿಗೆ, ಮಾಲೀಕರ ಮಗನಿಗೆ, ಎಲ್ಲರಿಗೂ ಒಂದೇ ನಿಯಮ. ಅನುಮತಿ ಇಲ್ಲದೆ ಜಾಬಿನ, ಡೈಯ, ಡ್ರಾಯಿಂಗಿನ ಫೋಟೊ ತೆಗೆಯಬಾರದು ಎಂಬುದನ್ನೂ ಇದರ ಜೊತೆಗೇ ಸೇರಿಸಿ. ಗಿರಾಕಿಯ ವಿನ್ಯಾಸ ಯಾರದೋ ಸ್ಟೇಟಸ್ಸಿನಲ್ಲಿ ಕಂಡರೆ ಆರ್ಡರ್ ಕೈತಪ್ಪುತ್ತದೆ.

ಫೋನು ಇಡಲು ಒಳ್ಳೆಯ ಜಾಗ ಬೇಕು. ಬಾಗಿಲ ಪಕ್ಕ ಎಲ್ಲರಿಗೂ ಕಾಣುವಲ್ಲಿ ಒಂದು ಕಪಾಟು, ಒಬ್ಬೊಬ್ಬರಿಗೆ ಒಂದೊಂದು ಖಾನೆ, ಬೀಗದ ಕೈ ಅವರವರ ಹತ್ತಿರವೇ. ಪ್ರತಿ ಖಾನೆಯಲ್ಲೂ ಚಾರ್ಜಿಂಗ್ ಪಾಯಿಂಟ್ ಕೊಡಿ. ಒಂದೇ ಕೋಣೆಯಲ್ಲಿ ಐದಾರು ಜನ ಇರುವ ಹುಡುಗರಿಗೆ ರಾತ್ರಿ ಚಾರ್ಜ್ ಹಾಕಲು ಪ್ಲಗ್ಗು ಸಿಗುವುದೇ ಕಷ್ಟ. ಇಲ್ಲಿಟ್ಟರೆ ಮಧ್ಯಾಹ್ನಕ್ಕೆ ಚಾರ್ಜ್ ತುಂಬಿರುತ್ತದೆ ಎಂದು ತಿಳಿದರೆ ಹೇಳಿಸಿಕೊಳ್ಳದೆ ತಂದಿಡುತ್ತಾರೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು, ಮನೆಯವರ ಕರೆ. ವರ್ಕ್‌ಶಾಪಿಗೆ ಒಂದು ಸಾಮಾನ್ಯ ನಂಬರ್ ಇರಲಿ. ಕೆಲಸಕ್ಕೆ ಸೇರಿದ ದಿನವೇ ಆ ನಂಬರನ್ನು ಕೆಲಸಗಾರನ ಮನೆಯವರಿಗೆ ತಿಳಿಸಿ. ಸಾಧ್ಯವಾದರೆ ಮಾಲೀಕರೇ ಒಮ್ಮೆ ಮಾತಾಡಲಿ. "ಏನಾದರೂ ತುರ್ತು ಇದ್ದರೆ ಈ ನಂಬರಿಗೆ ಮಾಡಿ ಅಮ್ಮಾ, ಎರಡು ನಿಮಿಷದಲ್ಲಿ ನಿಮ್ಮ ಮಗನ ಕೈಗೆ ಫೋನ್ ಕೊಡುತ್ತೇವೆ" ಎಂದು ಹೇಳಿ, ಹೇಳಿದಂತೆ ನಡೆಸಿ. ಕರೆ ಬಂದಾಗ ಎತ್ತುವ ಹೊಣೆ ಹೆಸರಿಟ್ಟು ಒಬ್ಬರಿಗೆ ವಹಿಸಿ. ಅವರು ಹೋಗಿ ಯಂತ್ರ ನಿಲ್ಲಿಸುವಂತೆ ಮಾಡಿ, ಆಮೇಲೆ ಸುದ್ದಿ ಹೇಳಬೇಕು. ತಿರುಗುವ ಚಕ್ಕಿನ ಮುಂದೆ ನಿಂತವನಿಗೆ ಕೆಟ್ಟ ಸುದ್ದಿಯನ್ನು ದೂರದಿಂದ ಕೂಗಿ ಹೇಳಬಾರದು. ಒಮ್ಮೆ ಮನೆಯಿಂದ ಬಂದ ಕರೆ ತಲುಪದೆ ಹೋದರೆ, ಆ ದಿನದಿಂದ ಎಲ್ಲ ಫೋನುಗಳೂ ಮತ್ತೆ ಜೇಬಿಗೆ ಬರುತ್ತವೆ. ಬಂದರೆ ತಪ್ಪು ಹಿಡಿಯಲಾಗದು.

ಮನೆಯಲ್ಲಿ ಹೆರಿಗೆ ಹತ್ತಿರವಿರುತ್ತದೆ, ತಂದೆ ಆಸ್ಪತ್ರೆಯಲ್ಲಿರುತ್ತಾರೆ, ಬ್ಯಾಂಕಿನಿಂದ ಓಟಿಪಿ ಬರಬೇಕಿರುತ್ತದೆ. ಅಂಥ ದಿನ ಬೆಳಿಗ್ಗೆಯೇ ಹೇಳುವ ಪದ್ಧತಿ ಬೆಳೆಸಿ. ಆ ದಿನ ಅವನಿಗೆ ಪ್ರೆಸ್ಸು, ಲೇತು ಬೇಡ. ಬರ್ ತೆಗೆಯುವುದು, ಪ್ಯಾಕಿಂಗು, ಅಳತೆ ನೋಡುವ ಕೆಲಸ ಕೊಟ್ಟು ಫೋನು ಹತ್ತಿರವೇ ಇಟ್ಟುಕೊಳ್ಳಲು ಬಿಡಿ. ಮನಸ್ಸು ಊರಿನಲ್ಲಿದ್ದಾಗ ಪ್ರೆಸ್ಸಿನ ಮುಂದೆ ನಿಲ್ಲಿಸುವುದು, ಫೋನು ಇಲ್ಲದಿದ್ದರೂ, ಅಪಾಯವೇ.

ವಿರಾಮವನ್ನು ಪ್ರಾಮಾಣಿಕವಾಗಿ ಕೊಡಿ. ಐದು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ದುಡಿಸಬಾರದು, ನಡುವೆ ಅರ್ಧ ಗಂಟೆಯಾದರೂ ವಿರಾಮ ಬೇಕು ಎಂದು 1948ರ ಕಾಯ್ದೆ ಮೂಲದಲ್ಲೇ ಬರೆದಿತ್ತು. ಊಟದ ಹೊತ್ತಿನ ಜೊತೆಗೆ ಬೆಳಿಗ್ಗೆ, ಸಂಜೆ ಹದಿನೈದು ನಿಮಿಷದ ಟೀ ಹೊತ್ತು ಇರಲಿ. ಹತ್ತು ನಿಮಿಷ ಕೊಟ್ಟರೆ ಟೀ ಕುಡಿಯುವುದಕ್ಕೇ ಮುಗಿಯುತ್ತದೆ. ಕರೆ ಮಾಡುವುದು ಯಂತ್ರದ ಹೊತ್ತಿಗೆ ಬರುತ್ತದೆ. ಹೆಣ್ಣುಮಕ್ಕಳು ಹೆಚ್ಚಾಗಿರುವ ಅಸೆಂಬ್ಲಿ, ಗಾರ್ಮೆಂಟ್ಸ್ ಘಟಕಗಳಲ್ಲಿ ಸಂಜೆಯ ವಿರಾಮವನ್ನು ಮಕ್ಕಳು ಶಾಲೆಯಿಂದ ಮನೆ ತಲುಪುವ ಹೊತ್ತಿಗೆ ಹೊಂದಿಸಿ. ಮಗು ಮನೆ ಸೇರಿತೆಂದು ಕಿವಿಯಾರೆ ಕೇಳಿದ ತಾಯಿಯ ಕೈ ಆಮೇಲೆ ಸರಾಗವಾಗಿ ನಡೆಯುತ್ತದೆ.

ಸಿಎನ್‌ಸಿಯ ಖಾಲಿ ನಿಮಿಷಗಳಿಗೆ ಕೆಲಸ ತುಂಬಬೇಕು. ಅಳತೆಯ ಪಟ್ಟಿ ಬರೆಯುವುದು, ಮುಗಿದ ಪೀಸಿನ ಬರ್ ತೆಗೆಯುವುದು, ಮುಂದಿನ ಜಾಬಿಗೆ ಟೂಲು ಜೋಡಿಸಿಡುವುದು. ಕೆಲವು ಹುಡುಗರು ಫೋನಿನಲ್ಲೇ ವಿಡಿಯೊ ನೋಡಿ ಪ್ರೋಗ್ರಾಮಿಂಗ್ ಕಲಿತಿದ್ದಾರೆ. ಅಂಥ ಆಸೆಯನ್ನು ಹೊಸಕಬೇಡಿ. ವಾರಕ್ಕೊಂದು ಹೊತ್ತು, ಯಂತ್ರ ನಿಲ್ಲಿಸಿ, ಎಲ್ಲರೂ ಕೂತು ಕಲಿಯುವ ವ್ಯವಸ್ಥೆ ಮಾಡಿ. ಹಾಡು ಬೇಕೆನ್ನುವವರಿಗೆ ಪ್ಯಾಕಿಂಗ್ ಬೆಂಚಿನ ಹತ್ತಿರ ಸಣ್ಣ ದನಿಯಲ್ಲಿ ರೇಡಿಯೊ ಇರಲಿ. 1957ರಲ್ಲಿ ವಿವಿಧ ಭಾರತಿ ಶುರುವಾದಾಗಿನಿಂದ ಎಷ್ಟೋ ದುಡಿಯುವ ಕೈಗಳಿಗೆ ರೇಡಿಯೊ ಜೊತೆಯಾಗಿದೆ. ಅದು ಕಣ್ಣನ್ನು ಕೇಳುವುದಿಲ್ಲ.

ನಿಯಮ ಮೀರಿದವನಿಗೆ ಮೊದಲ ಸಲ ಪಕ್ಕಕ್ಕೆ ಕರೆದು ಹೇಳಿ, ಎಲ್ಲರೆದುರು ಬೇಡ. ಎರಡನೆಯ ಸಲ ಬರವಣಿಗೆಯಲ್ಲಿ ಎಚ್ಚರಿಕೆ ಕೊಡಿ. ಮತ್ತೂ ನಡೆದರೆ ಆ ದಿನಕ್ಕೆ ಯಂತ್ರದಿಂದ ಬಿಡಿಸಿ ಬೇರೆ ಕೆಲಸಕ್ಕೆ ಹಾಕಿ. ತನ್ನ ಯಂತ್ರವನ್ನು ಇನ್ನೊಬ್ಬ ನಡೆಸುವುದನ್ನು ಯಾವ ಟರ್ನರೂ ಇಷ್ಟಪಡುವುದಿಲ್ಲ. ದಂಡಕ್ಕಿಂತ ಅದು ಹೆಚ್ಚು ನಾಟುತ್ತದೆ.

ಈ ಎಲ್ಲವೂ ನಿಲ್ಲುವುದು ಮಾಲೀಕರ ನಡತೆಯ ಮೇಲೆ. ಶೆಡ್ಡಿನಲ್ಲಿ ಅತಿ ಹೆಚ್ಚು ಹೊತ್ತು ಫೋನು ಹಿಡಿದಿರುವವರು ನಾವೇ. ಗಿರಾಕಿಯ ಪರ್ಚೇಸ್ ವಿಭಾಗದಿಂದ ಕರೆ ಬಂದರೆ ಮಾತಾಡುತ್ತಲೇ ಲೇತುಗಳ ನಡುವೆ ಓಡಾಡುತ್ತೇವೆ. ನಮ್ಮ ಕೋಣೆಯಿಂದಲೇ ಆಪರೇಟರಿನ ಮೊಬೈಲಿಗೆ ಕರೆ ಮಾಡಿ "ಎಷ್ಟು ಪೀಸ್ ಆಯ್ತಪ್ಪಾ?" ಎಂದು ಕೇಳುತ್ತೇವೆ. ಕೆಲಸದ ಹೊತ್ತಿನಲ್ಲಿ ಗ್ರೂಪಿಗೆ ಸಂದೇಶ ಹಾಕಿ, ನೋಡಲಿಲ್ಲವೆಂದು ರೇಗುತ್ತೇವೆ. ಇದು ನಿಲ್ಲಬೇಕು. ಕೇಳಬೇಕಾದದ್ದಿದ್ದರೆ ಎದ್ದು ಹೋಗಿ ಕೇಳೋಣ. ರಾತ್ರಿ ಹತ್ತು ಗಂಟೆಗೆ ಕರೆ ಮಾಡಿ "ನಾಳೆ ಬೇಗ ಬಾ" ಎನ್ನುವುದನ್ನೂ ಬಿಡೋಣ. ಅವನ ಮನೆ ನಮ್ಮ ಕೆಲಸದೊಳಗೆ ಬರಬಾರದೆಂದು ಬಯಸುವವರು, ನಮ್ಮ ಕೆಲಸ ಅವನ ಮನೆಯೊಳಗೆ ಹೋಗದ ಹಾಗೆ ನೋಡಿಕೊಳ್ಳಬೇಕು.

ಕೊನೆಯದಾಗಿ, ಯಂತ್ರದ ಮುಂದೆ ನಿಲ್ಲುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಒಂದು ಮಾತು. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ಒಂದೊಂದು ಬೆರಳಿಗೂ ಲೆಕ್ಕ ಬರೆದಿತ್ತು. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡ 30 ನಷ್ಟ, ತೋರುಬೆರಳು ಪೂರಾ ಹೋದರೆ 14, ನಡುಬೆರಳಿಗೆ 12, ಉಂಗುರಬೆರಳಿಗೋ ಕಿರುಬೆರಳಿಗೋ 7. ಪರಿಹಾರ ಕೊಡುವುದಕ್ಕೆ ಕಾನೂನಿಗೆ ಒಂದು ಅಂಕಿ ಬೇಕು, ಅದಕ್ಕಾಗಿ ಬರೆದದ್ದು. ಆದರೆ ಮೈಕ್ರೋಮೀಟರಿನ ತಿರುಗಣೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಅಳತೆ ಓದುವ ಕೈಗೆ ಆ ಎರಡು ಬೆರಳೇ ಇಡೀ ಬದುಕು. ಬಂದ ಸಂದೇಶ ಟೀ ಹೊತ್ತಿನವರೆಗೆ ಕಾಯುತ್ತದೆ, ಬೆರಳು ಮತ್ತೆ ಬರುವುದಿಲ್ಲ. ಫೋನನ್ನು ಕಪಾಟಿನಲ್ಲಿಟ್ಟು ಯಂತ್ರದ ಹತ್ತಿರ ಬನ್ನಿ; ಮನೆಯ ಕರೆ ತಲುಪಿಸುವ ಹೊಣೆಯನ್ನು ಮಾಲೀಕರಿಂದ ಧೈರ್ಯವಾಗಿ ಕೇಳಿ ಪಡೆಯಿರಿ.

ಮಾಲೀಕ ಮಿತ್ರರೇ, ಮುಂದಿನ ಸೋಮವಾರ ಶೆಡ್ಡಿನ ಬಾಗಿಲು ತೆರೆದಾಗ ಮೂರು ಕೆಲಸ ಮಾಡಿ. ಗೋಡೆಗೆ ಗಡಿಯಾರ ಹಾಕಿ, ಯಂತ್ರದ ಸುತ್ತ ಹಳದಿ ಗೆರೆ ಎಳೆಯಿರಿ, ನಿಮ್ಮಲ್ಲಿ ದುಡಿಯುವ ಪ್ರತಿಯೊಬ್ಬರ ಮನೆಗೂ ವರ್ಕ್‌ಶಾಪಿನ ನಂಬರ್ ತಲುಪಿಸಿ. ನಿಮ್ಮ ಫೋನನ್ನು ಆ ಕಪಾಟಿನ ಮೊದಲ ಖಾನೆಯಲ್ಲಿ ನೀವೇ ಇಡಿ. ಉಳಿದ ಖಾನೆಗಳು ತುಂಬಲು ಹೆಚ್ಚು ದಿನ ಬೇಕಾಗುವುದಿಲ್ಲ.